ಇಸ್ತ್ರಿಯವರ ಮಗಳಿಗಾಗಿ ಕಾದ ಬಸ್ಸು

ಆ ಊರಿನಿಂದ ಬೆಳಿಗ್ಗೆ ನಗರಕ್ಕೆ ಹೋಗುವ ಬಸ್ಸು ಒಂದೇ. ಅದು ಏಳಕ್ಕೆ ಹೊರಡುತ್ತದೆ ಎಂದು ನಿಲ್ದಾಣದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಬರೆಸಿದವರು ಊರಿನವರಲ್ಲವಾದ್ದರಿಂದ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಬಸ್ಸು ಹೊರಡುತ್ತಿದ್ದದ್ದು ಬರಬೇಕಾದವರೆಲ್ಲ ಬಂದ ಮೇಲೆ. ಬರಬೇಕಾದವರು ಯಾರು ಎಂಬುದು ಡ್ರೈವರಿಗೆ ಹಿಂದಿನ ಸಂಜೆಯೇ ಗೊತ್ತಿರುತ್ತಿತ್ತು. ಯಾರಿಗೆ ಮಂಡಿ ನೋವು, ಯಾರಿಗೆ ಕಚೇರಿಯಿಂದ ಕರೆ ಬಂದಿದೆ, ಯಾರು ಹೆಂಡತಿಯ ಜೊತೆ ಜಗಳವಾಡಿ ಅಣ್ಣನ ಮನೆಗೆ ಹೊರಟಿದ್ದಾರೆ, ಎಲ್ಲವೂ. ಜಗಳವಾಡಿ ಹೊರಟವರಿದ್ದರೆ ಅವರು ಹತ್ತಿ ಕೂತ ಮೇಲೂ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಮನಸ್ಸು ಬದಲಾಯಿಸಿ ಇಳಿದುಹೋಗಲಿ ಎಂದು.

ನಿಲ್ದಾಣದ ಎದುರಿಗೆ ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ತಗಡಿನ ಮಾಡು, ಕಂಬಳಿ ಹಾಸಿದ ಮೇಜು, ಕೆಂಡ ತುಂಬುವ ಇಸ್ತ್ರಿಪೆಟ್ಟಿಗೆ, ಗೋಡೆಗೆ ಒರಗಿಸಿದ ಬಟ್ಟೆಯ ಗಂಟುಗಳು. ಅದನ್ನು ನಡೆಸುತ್ತಿದ್ದವರ ಕಿರಿಯ ಮಗಳೇ ಈ ಬರಹದ ವ್ಯಕ್ತಿ. ಈಗ ಅವರಿಗೆ ನಲವತ್ತು ದಾಟಿದೆ, ನಗರದ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ನಾಲ್ಕು ಜನರಿಗೆ ಮೇಲಧಿಕಾರಿ. ಊರಿನಲ್ಲಿ ಮಾತ್ರ ಇಂದಿಗೂ ಇಸ್ತ್ರಿಯವರ ಮಗಳು. ಇಲ್ಲಿ ಹೇಳಹೊರಟಿರುವುದು ಅವರು ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ ನಡೆದದ್ದು. ಆಗ ಎಲ್ಲರ ಕೈಯಲ್ಲೂ ಫೋನ್ ಇರಲಿಲ್ಲ. ಇದ್ದಿದ್ದರೆ ಒಂದು ಮಾತಿನಲ್ಲಿ ಮುಗಿದುಹೋಗುತ್ತಿತ್ತು.

ಊರು ಬಿಡಲು ಅವಳಿಗೆ ವಿಪರೀತ ಆತುರವಿತ್ತು. ಆ ಊರಿನಲ್ಲಿ ಒಬ್ಬರು ಕೆಮ್ಮಿದರೆ ಮೂರನೇ ಬೀದಿಯಲ್ಲಿ ಮದ್ದು ಕುದಿಯಲು ಶುರುವಾಗುತ್ತಿತ್ತು. ಅವಳು ಚಪ್ಪಲಿ ಕೊಂಡು ಮನೆ ತಲುಪುವಷ್ಟರಲ್ಲಿ ಅದು ಅರ್ಧ ಅಳತೆ ಚಿಕ್ಕದು ಎಂಬ ಸುದ್ದಿ ಅಮ್ಮನಿಗೆ ಮುಟ್ಟಿರುತ್ತಿತ್ತು. ಹೀಗಾಗಿ ನಗರದ ಮೊದಲ ತಿಂಗಳು ಸ್ವರ್ಗವೆನಿಸಿತು. ಅವಳು ನೇರಳೆ ಬಣ್ಣದ ಕೊಡೆ ಕೊಂಡಳು, ಯಾರೂ ಏಕೆಂದು ಕೇಳಲಿಲ್ಲ. ರಸ್ತೆಯಲ್ಲಿ ನಡೆಯುತ್ತ ಬ್ರೆಡ್ ತಿಂದಳು, ಯಾರೂ ಅಪ್ಪನಿಗೆ ವರದಿ ಒಪ್ಪಿಸಲಿಲ್ಲ. ಹಾಸ್ಟೆಲ್ಲಿನ ಗೆಳತಿಯರು ಊರು ಯಾವುದೆಂದು ಕೇಳಿದರೆ "ಇಲ್ಲೇ, ಹತ್ತಿರ" ಎನ್ನುತ್ತಿದ್ದಳು. ಅಪ್ಪ ಏನು ಮಾಡುತ್ತಾರೆ ಎಂದರೆ "ಬಟ್ಟೆಯ ವ್ಯವಹಾರ" ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ.

ಮನಸ್ಸು ನಗರಕ್ಕೆ ಒಗ್ಗಿತು, ಕಾಲು ಒಗ್ಗಲಿಲ್ಲ. ಊರಿನಲ್ಲಿ ಬಸ್ಸು ಹಿಡಿಯುವುದಕ್ಕೆ ಒಂದು ಕ್ರಮವಿದೆ. ತಿರುವಿನಲ್ಲಿ ಬಂದಾಗ ಕೈ ಎತ್ತಬೇಕು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಇನ್ನು ಬಸ್ಸಿನದು. ಆಮೇಲೆ ನಿಧಾನ ನಡೆಯಬಹುದು, ಮರೆತದ್ದು ನೆನಪಾದರೆ ವಾಪಸು ಹೋಗಿ ತರಲೂಬಹುದು. ಅವಳು ನಗರದಲ್ಲೂ ತಿರುವಿನಲ್ಲಿ ಕೈ ಎತ್ತಿ, ತನ್ನ ಪಾಡಿಗೆ ನಡೆದು ಬರುತ್ತಿದ್ದಳು. ಬಸ್ಸು ಹೊರಟುಹೋಗುತ್ತಿತ್ತು. ಹಿಂದಿನ ಸೀಟಿನ ಮಕ್ಕಳು ಇವಳು ಬೀಳ್ಕೊಡುತ್ತಿದ್ದಾಳೆ ಎಂದುಕೊಂಡು ತಾವೂ ಕೈ ಬೀಸುತ್ತಿದ್ದವು.

ಕಾಲೇಜಿನ ಸಂಖ್ಯಾಶಾಸ್ತ್ರದ ಮೇಷ್ಟ್ರು ಗಂಟೆ ಬಾರಿಸಿದೊಡನೆ ಬಾಗಿಲು ಹಾಕಿಕೊಳ್ಳುವವರು. ಬಾಗಿಲಲ್ಲಿ ಅಂಗೈಯಗಲದ ಗಾಜೊಂದಿತ್ತು. ಆ ವರ್ಷದ ಸಂಖ್ಯಾಶಾಸ್ತ್ರದ ಹೆಚ್ಚಿನ ಭಾಗವನ್ನು ಅವಳು ಆ ಗಾಜಿನಿಂದಲೇ ನೋಡಿದಳು. ಪರೀಕ್ಷೆಯ ದಿನವೂ ಅದೇ ಆಯಿತು. ಪ್ರಿನ್ಸಿಪಾಲರು ಕರೆಸಿ, ಇನ್ನೊಂದೇ ಒಂದು ಅವಕಾಶ ಕೊಡುವುದಾಗಿಯೂ, ಮರುಪರೀಕ್ಷೆಗೂ ತಡವಾದರೆ ಇಡೀ ವರ್ಷ ಮತ್ತೆ ಓದಬೇಕೆಂದೂ ಹೇಳಿದರು.

"ಈ ಕಾಲೇಜು ಯಾರಿಗೂ ಕಾಯಲ್ಲ, ತಿಳ್ಕೊ" ಎಂದರು.

ಅವಳಿಗೆ ಬೇಸರವಾಗಲಿಲ್ಲ. ಹೀಗಿರಬೇಕು ಅನ್ನಿಸಿತು. ಕಾಯುತ್ತಾ ಕೂರುವ ಊರಿನಿಂದಾಗಿಯೇ ತನಗೆ ಈ ಗತಿ ಬಂದದ್ದು ಎಂದು ತೀರ್ಮಾನಿಸಿದಳು.

ಮರುಪರೀಕ್ಷೆ ಸೋಮವಾರ ಹತ್ತಕ್ಕೆ. ಓದಲು ಕೊಟ್ಟ ರಜೆಯಲ್ಲಿ ಅವಳು ಊರಿಗೆ ಬಂದಳು. ಅಕ್ಕನ ಹೆರಿಗೆಗೆಂದು ಅಮ್ಮ ಬೇರೆ ಊರಿಗೆ ಹೋಗಿದ್ದರಿಂದ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಓದು ಹೇಗೆ ನಡೆದಿದೆ ಎಂದು ವಿಚಾರಿಸಲು ಬಂದವರ ಕಾಟದಲ್ಲಿ ಓದು ನಡೆಯಲಿಲ್ಲ. ಭಾನುವಾರ ಸಂಜೆ ಡ್ರೈವರು ತಮ್ಮ ಶರ್ಟು ಒಯ್ಯಲು ಅಂಗಡಿಗೆ ಬಂದರು.

"ಪುಟ್ಟಿ, ನಾಳೆ ಪರೀಕ್ಷೆ ಅಂತೆ."

"ಹೌದು ಡ್ರೈವರಣ್ಣ."

"ಹೆದರ್ಬೇಡ. ನೀನು ಬರದೆ ಬಸ್ಸು ಕದಲಲ್ಲ. ಮೊದಲನೇ ಸೀಟು ನಿಂದು. ಮಾತು ಕೊಟ್ಟಿದ್ದೀನಿ."

ಅವಳಿಗೆ ಹೆದರಿಕೆ ಶುರುವಾದದ್ದೇ ಆಗ. ತನಗಾಗಿ ಕಾಯುವ ಬಸ್ಸು ಇನ್ನೊಬ್ಬರಿಗಾಗಿಯೂ ಕಾಯುತ್ತದೆ. ಅದೂ ಸೋಮವಾರ ನರ್ಸಮ್ಮ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಹೊರಟಿದ್ದರು. ನರ್ಸಮ್ಮ ಊರಿನ ಅರ್ಧದಷ್ಟು ಜನರ ಹೆರಿಗೆ ಮಾಡಿಸಿ ನಿವೃತ್ತರಾದವರು. ಮನೆಗೆ ಬೀಗ ಹಾಕಿ ಬೀದಿಯ ಕೊನೆಯವರೆಗೆ ಬಂದು, ಸ್ಟೌ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡುವುದು ಅವರ ಅಭ್ಯಾಸ. ಒಂದೊಂದು ಸಲ ಎರಡು ಬಾರಿ.

"ಅಪ್ಪಾ, ನಾನು ಮೊಟ್ಟೆ ವ್ಯಾನಲ್ಲಿ ಹೋಗ್ತೀನಿ" ಎಂದಳು ಮಗಳು ಊಟಕ್ಕೆ ಕೂತಾಗ. ಮೊಟ್ಟೆ ವ್ಯಾಪಾರಿಯ ವ್ಯಾನು ನಸುಕಿನಲ್ಲೇ ಹೆದ್ದಾರಿಯ ಕೂಡುರಸ್ತೆಗೆ ಹೋಗುತ್ತಿತ್ತು. ಅಲ್ಲಿಂದ ನಗರಕ್ಕೆ ಬೇಕಾದಷ್ಟು ಬಸ್ಸು.

ಅಪ್ಪ ತುತ್ತು ಕೆಳಗಿಟ್ಟರು. "ಡ್ರೈವರಿಗೆ ಏನಂತ ಹೇಳ್ಲಿ?"

"ಹೋದಳು ಅಂತ ಹೇಳಿ. ಅದರಲ್ಲೇನಿದೆ?"

ಅದರಲ್ಲೇನಿದೆ ಎಂಬುದು ಊರು ಬಿಟ್ಟವರು ಕೇಳುವ ಪ್ರಶ್ನೆ. ಮಾತು ಕೊಟ್ಟ ಮನುಷ್ಯನ ಮುಂದೆ ನಿಂತು, ನಿನ್ನ ಬಸ್ಸನ್ನು ನಂಬದೆ ನನ್ನ ಮಗಳು ಮೊಟ್ಟೆಗಳ ಜೊತೆ ಹೋದಳು ಎಂದು ಹೇಳುವುದು ಹೇಗೆ? ಅಪ್ಪ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದರು. ಮಗಳು ಬೆಳಕು ಹರಿಯುವ ಮೊದಲೇ ವ್ಯಾನು ಹತ್ತಿದಳು.

ಬೆಳಿಗ್ಗೆ ಆದದ್ದೇ ಬೇರೆ. ಹುಡುಗಿಯ ಪರೀಕ್ಷೆ, ಇವತ್ತೊಂದು ದಿನ ಯಾರೂ ತಡ ಮಾಡಬೇಡಿ ಎಂದು ಕಂಡಕ್ಟರು ಹಿಂದಿನ ದಿನ ಬೀದಿ ಬೀದಿಗೂ ಹೇಳಿ ಬಂದಿದ್ದರು. ಪರಿಣಾಮವಾಗಿ, ಆ ಬಸ್ಸಿನ ಚರಿತ್ರೆಯಲ್ಲಿ ಮೊದಲ ಸಲ, ಏಳಕ್ಕೂ ಮುಂಚೆ ಎಲ್ಲರೂ ಬಂದು ಕೂತಿದ್ದರು. ನರ್ಸಮ್ಮ ಸ್ಟೌ ಹಚ್ಚುವ ಗೊಡವೆಗೇ ಹೋಗದೆ ಬರಿಹೊಟ್ಟೆಯಲ್ಲಿ ಬಂದಿದ್ದರು. ಖಾಲಿ ಇದ್ದದ್ದು ಮೊದಲನೇ ಸೀಟು ಮಾತ್ರ.

"ಇಸ್ತ್ರಿಯಣ್ಣ, ಪುಟ್ಟಿ ಎಲ್ಲಿ?" ಕಂಡಕ್ಟರು ಬಾಗಿಲಿಂದ ಕೇಳಿದರು.

ಅಪ್ಪ ಪೋಸ್ಟ್‌ಮಾಸ್ಟರರ ಪ್ಯಾಂಟಿನ ಮೇಲೆ ಬಾಗಿದ್ದರು. ತಲೆ ಎತ್ತಿದಾಗ ಕಂಡದ್ದು ಸ್ಟೇರಿಂಗಿನ ಹಿಂದೆ, ತಾವೇ ಇಸ್ತ್ರಿ ಮಾಡಿದ ಶರ್ಟು ತೊಟ್ಟು ನಗುತ್ತಿದ್ದ ಡ್ರೈವರ ಮುಖ. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಬರ್ತಾಳೆ. ಟೀ ಕುಡೀತಿದ್ದಾಳೆ."

ಸುಕ್ಕಿನ ಮೇಲೆ ಇಸ್ತ್ರಿ ಎಳೆದರೆ ಸುಕ್ಕೇ ಗಟ್ಟಿಯಾಗಿ ಕೂರುತ್ತದೆ. ಇದು ಆ ಕಸುಬಿನವರಿಗೆಲ್ಲ ಗೊತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಾಗ ತಲೆ ಬಾಚಿಕೊಳ್ಳುತ್ತಿದ್ದಾಳೆ ಎಂದರು. ಆಮೇಲೆ ಪೆನ್ನು ಹುಡುಕುತ್ತಿದ್ದಾಳೆ ಎಂದರು. ಕೂಡಲೇ ಬಸ್ಸಿನ ಕಿಟಕಿಗಳಿಂದ ಒಂದೊಂದಾಗಿ ಪೆನ್ನುಗಳು ಹೊರಬಂದವು. ಒಬ್ಬರು ಕೆಂಪು ಶಾಯಿಯದೂ ಇರಲಿ ಎಂದರು. ಮೇಷ್ಟ್ರುಗಳು ಕೆಂಪು ಶಾಯಿಯಲ್ಲಿ ಬರೆಯುವುದನ್ನು ನೋಡಿದ್ದರಂತೆ, ಅದಕ್ಕೆ ಜಾಸ್ತಿ ಬೆಲೆ ಇರಬಹುದು ಎಂಬುದು ಅವರ ಅಂದಾಜು.

"ಟೀ ಆಯ್ತು, ತಲೆ ಆಯ್ತು, ಪೆನ್ನೂ ಆಯ್ತು" ಎಂದರು ಕಂಡಕ್ಟರು ಕೊನೆಗೆ. "ನಾನೇ ಹೋಗಿ ಕರ್ಕೊಂಡ್ ಬರ್ತೀನಿ ತಡೀರಿ."

"ಬೇಡ ಬೇಡ" ಎಂದು ಅಪ್ಪ ಅಡ್ಡ ನಿಂತರು. "ಹೊಟ್ಟೆನೋವು. ಎದ್ದು ನಿಲ್ಲೋಕೂ ಆಗ್ತಿಲ್ಲ. ಈಗಷ್ಟೇ ನಿದ್ದೆ ಹತ್ತಿದೆ."

ಡ್ರೈವರು ಎಂಜಿನ್ ಆರಿಸಿದರು. ನರ್ಸಮ್ಮ ಇಳಿಯಲು ಎದ್ದರು. ನಿದ್ದೆ ಹತ್ತಿದೆ ಎಂಬುದು ನೆನಪಾಗಿ, ನಿದ್ದೆ ಬಂದರೆ ಎಬ್ಬಿಸಬಾರದು, ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದಾರೆ ತಾನೆ ಎಂದು ಕೇಳಿ ಕೂತರು. ಅಪ್ಪ ಅದಕ್ಕೂ ತಲೆಯಾಡಿಸಿದರು.

"ಹಂಗಾದ್ರೆ ವರ್ಷ ಹೋಯ್ತಲ್ಲ ಹುಡುಗೀದು" ಎಂದರು ಡ್ರೈವರು.

"ಹೆಂಗೆ ಹೋಗುತ್ತೆ? ನಾವೆಲ್ಲ ಇದ್ದೀವಲ್ಲ" ಎಂದರು ಕಂಡಕ್ಟರು. "ಪ್ರಿನ್ಸಿಪಾಲರನ್ನ ಕಂಡು ಕೇಳೋಣ. ಹುಷಾರಿಲ್ಲದೋಳಿಗೆ ಇನ್ನೊಂದು ದಿನ ಬರೆಸಿ ಅಂದ್ರೆ ಅವರೇನು ಕಲ್ಲಾ? ಬಸ್ಸು ಹತ್ತಿ, ಇಸ್ತ್ರಿಯಣ್ಣ."

ಅಪ್ಪನನ್ನು ಕೈ ಹಿಡಿದು ಹತ್ತಿಸಿ ಮಗಳ ಸೀಟಿನಲ್ಲೇ ಕೂರಿಸಿದರು. ಟೀ ಅಂಗಡಿಯವರು ಇಸ್ತ್ರಿಪೆಟ್ಟಿಗೆಯ ಕೆಂಡ ನೋಡಿಕೊಳ್ಳುವುದಾಗಿ ಕೂಗಿ ಹೇಳಿದರು. ಬಸ್ಸು ಊರ ಹೊರಗೆ ಬಂದ ಮೇಲೆ ಅಪ್ಪನಿಗೆ ಗೊತ್ತಾಯಿತು, ಪೋಸ್ಟ್‌ಮಾಸ್ಟರರ ಪ್ಯಾಂಟು ತಮ್ಮ ತೋಳಿನ ಮೇಲೇ ಇದೆ. ದಾರಿಯುದ್ದಕ್ಕೂ ಅವರು ನಿಜ ಹೇಳಲು ಬಾಯಿ ತೆರೆದರು. ತೆರೆದಾಗಲೆಲ್ಲ ಯಾರಾದರೊಬ್ಬರು, "ನೀವು ಮಾತಾಡಬೇಡಿ, ಸುಮ್ಮನೆ ಕಣ್ಣು ಮುಚ್ಚಿ ಕೂತ್ಕೊಳ್ಳಿ" ಎಂದು ಬೆನ್ನು ಸವರಿದರು.

ನಗರದ ನಿಲ್ದಾಣ ಬಂತು. ಬಸ್ಸು ನಿಲ್ಲದೆ ಮುಂದೆ ಹೋಯಿತು. ದಾರಿ ಕೇಳುತ್ತ ಕೇಳುತ್ತ ಕಾಲೇಜಿನ ಗೇಟಿನ ಮುಂದೆ ಹಾರನ್ ಮಾಡಿತು. ಕಾಲೇಜಿನವರೇ ಪ್ರವಾಸಕ್ಕೆ ತರಿಸಿದ ಬಸ್ಸಿರಬೇಕೆಂದು ಕಾವಲುಗಾರ ಗೇಟು ತೆರೆದ.

ಪ್ರಿನ್ಸಿಪಾಲರ ಕೋಣೆ ಚಿಕ್ಕದು. ಡ್ರೈವರು, ಕಂಡಕ್ಟರು, ನರ್ಸಮ್ಮ, ಅಪ್ಪ ಒಳಗೆ ಹೋದರು. ಉಳಿದವರು ಬಾಗಿಲಿಗೆ ತುಂಬಿಕೊಂಡರು. ಕಂಡಕ್ಟರು ವಿಷಯ ವಿವರಿಸಿದರು. ಪ್ರಿನ್ಸಿಪಾಲರು ಹುಡುಗಿ ಯಾರೆಂದು ಕೇಳಿ ತಿಳಿದುಕೊಂಡರು.

"ಆ ಹುಡುಗಿ ಬಂದು ಪರೀಕ್ಷೆ ಬರೀತಿದ್ದಾಳಲ್ಲ" ಎಂದರು.

"ಇಲ್ಲ ಸಾರ್, ಮನೇಲಿ ಮಲಗಿದ್ದಾಳೆ."

"ನಾನೇ ಈಗ ಹಾಲ್ ನೋಡಿ ಬಂದೆ. ಅವಳ ಜಾಗದಲ್ಲಿ ಕೂತು ಬರೀತಿದ್ದಾಳೆ."

"ಅದು ಬೇರೆ ಯಾರೋ ಇರ್ಬೇಕು ಸಾರ್" ಎಂದರು ಕಂಡಕ್ಟರು ಸಮಾಧಾನಪಡಿಸುವ ದನಿಯಲ್ಲಿ. "ಇವರು ಅವಳ ತಂದೆ. ಬೇಕಾದ್ರೆ ಕೇಳಿ, ಏಳೋಕೇ ಆಗ್ತಿಲ್ಲ ಅವಳಿಗೆ."

ಪ್ರಿನ್ಸಿಪಾಲರು ಅಪ್ಪನ ಕಡೆ ನೋಡಿದರು. ಅಪ್ಪ ಡ್ರೈವರ ಕಡೆ ನೋಡಿದರು. ಬಾಯಿ ಬಿಡಲು ಅವರು ತೆಗೆದುಕೊಂಡಷ್ಟು ಹೊತ್ತಿನಲ್ಲಿ ಪ್ರಿನ್ಸಿಪಾಲರು ಎದ್ದು ಹೋಗಿಯಾಗಿತ್ತು. ಇನ್ನೊಬ್ಬರ ಹೆಸರಿನಲ್ಲಿ ಪರೀಕ್ಷೆ ಬರೆಯುವವರ ಸುದ್ದಿಯನ್ನು ಅವರು ಪತ್ರಿಕೆಗಳಲ್ಲಿ ಓದಿದ್ದರು. ಅಂಥವಳೊಬ್ಬಳು ತಮ್ಮ ಕಾಲೇಜಿನಲ್ಲೇ ಸಿಕ್ಕಿಬಿದ್ದಳು ಎಂದುಕೊಂಡರು.

ಹಾಲ್‌ನಲ್ಲಿ ಅವಳು ಮೂರನೇ ಪ್ರಶ್ನೆಯ ಮಧ್ಯದಲ್ಲಿದ್ದಳು. ಎದ್ದು ಬಾ ಎಂದರು. ಗುರುತಿನ ಚೀಟಿ ತೋರಿಸಿದಳು. ಚೀಟಿಯ ಫೋಟೋ ಅವರೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು, ಅದರಲ್ಲಿ ಮುಖಕ್ಕಿಂತ ಪೌಡರೇ ಹೆಚ್ಚು. ಪ್ರಿನ್ಸಿಪಾಲರು ಸಂಖ್ಯಾಶಾಸ್ತ್ರದ ಮೇಷ್ಟ್ರನ್ನು ಕೇಳಿದರು.

"ಈ ಹುಡುಗಿ ಅವಳೇನಾ?"

ಮೇಷ್ಟ್ರು ಅವಳನ್ನು ಹಿಂದೆ ಮುಂದೆ ನೋಡಿದರು. "ಖಚಿತವಾಗಿ ಹೇಳೋಕಾಗಲ್ಲ ಸಾರ್. ನಾನು ನೋಡಿರೋದೆಲ್ಲ ಬಾಗಿಲಿನ ಗಾಜಿನಿಂದ."

ಪಕ್ಕದ ಸಾಲಿನಲ್ಲಿ ತಾನೂ ಮರುಪರೀಕ್ಷೆ ಬರೆಯುತ್ತಿದ್ದ ಹಾಸ್ಟೆಲ್ಲಿನ ಗೆಳತಿ, ಹೌದು ಅವಳೇ ಎಂದಳು. ಯಾವೂರಿನವಳು ಎಂದು ಕೇಳಿದರೆ "ಇಲ್ಲೇ, ಹತ್ತಿರ" ಎಂದಳು. ತಂದೆ ಏನು ಮಾಡುತ್ತಾರೆ ಎಂದರೆ "ಬಟ್ಟೆಯ ವ್ಯವಹಾರ, ದೊಡ್ಡದು ಅನ್ಸುತ್ತೆ" ಎಂದಳು. ಒಂದು ವರ್ಷ ಓಡಾಡಿದ ಆ ಕಟ್ಟಡದಲ್ಲಿ ಅವಳು ಯಾರೆಂದು ಹೇಳಬಲ್ಲವರು ಅಷ್ಟೇ ಇದ್ದರು. ಕೋಣೆಯ ಕಡೆ ನಡೆಯುವಾಗ ಅವಳಿಗೆ ಆ ವಿಷಯ ಹೊಳೆಯಿತಂತೆ. ಜೊತೆಗೆ ಮೂರನೇ ಪ್ರಶ್ನೆಯ ಉತ್ತರವೂ.

ಅವಳು ಕೋಣೆಗೆ ಕಾಲಿಟ್ಟಾಗ ಒಳಗಿದ್ದವರು ಎದ್ದು ನಿಂತರು.

"ಅಯ್ಯೋ, ಪುಟ್ಟಿ" ಎಂದರು ನರ್ಸಮ್ಮ. "ಹೊಟ್ಟೆನೋವು ಇಟ್ಕೊಂಡು ಯಾಕಮ್ಮ ಬಂದೆ?"

"ಇವಳು ಯಾರು?" ಎಂದರು ಪ್ರಿನ್ಸಿಪಾಲರು.

"ನಮ್ಮ ಪುಟ್ಟೀನೇ ಸಾರ್" ಎಂದರು ಕಂಡಕ್ಟರು.

"ಈಗಷ್ಟೇ ಮನೇಲಿ ಮಲಗಿದ್ದಾಳೆ ಅಂದ್ರಿ."

"ಮಲಗಿದ್ದೂ ನಿಜ ಸಾರ್, ಇಲ್ಲಿರೋದೂ ನಿಜ. ಹೆಂಗೆ ಅಂತ ನಮಗೂ ಗೊತ್ತಾಗ್ತಿಲ್ಲ."

ಆಗ ಅಪ್ಪ ಮಾತಾಡಿದರು. ಪ್ರಿನ್ಸಿಪಾಲರಿಗಲ್ಲ, ಡ್ರೈವರ ಶರ್ಟಿನ ಗುಂಡಿಗಳಿಗೆ. "ಅವಳು ನಸುಕಿನಲ್ಲೇ ಮೊಟ್ಟೆ ವ್ಯಾನಲ್ಲಿ ಬಂದುಬಿಟ್ಟಳು. ನಿಮ್ಮ ಮುಖ ನೋಡಿ ನನಗೆ ಹೇಳೋಕಾಗ್ಲಿಲ್ಲ ಡ್ರೈವರೇ. ಟೀ, ತಲೆ, ಪೆನ್ನು, ಹೊಟ್ಟೆ ಎಲ್ಲ ಸುಳ್ಳು."

ಡ್ರೈವರು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಓದತೊಡಗಿದರು.

"ಅಂದ್ರೆ" ಎಂದರು ಪ್ರಿನ್ಸಿಪಾಲರು, "ಮಗಳು ಹೋದಳು ಅಂತ ಒಂದು ಬಸ್ಸಿಗೆ ಹೇಳೋಕೆ ಸಂಕೋಚ ಆಯ್ತು. ಅದಕ್ಕೆ ಇಷ್ಟು ಸುಳ್ಳು ಹೇಳಿದಿರಿ. ಇದನ್ನ ನಾನು ನಂಬಬೇಕು."

"ಬಸ್ಸಿಗಲ್ಲ ಸಾರ್, ಡ್ರೈವರಿಗೆ."

"ಬಸ್ಸು ಯಾಕ್ರೀ ಇವಳಿಗೆ ಕಾಯ್ಬೇಕು?"

ಈ ಪ್ರಶ್ನೆ ಯಾರಿಗೂ ಅರ್ಥವಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಿನ್ಸಿಪಾಲರು ಹುಡುಗಿಯ ಕಡೆ ತಿರುಗಿದರು. "ಇವರೆಲ್ಲ ಯಾರು, ನೀನೇ ಹೇಳು. ನಿಧಾನ ಯೋಚನೆ ಮಾಡಿ ಹೇಳು. ಒಂದು ತಪ್ಪಿದರೂ ಪೊಲೀಸರನ್ನ ಕರೀತೀನಿ."

ಬಾಗಿಲ ಬಳಿ ಮೇಷ್ಟ್ರು ನಿಂತಿದ್ದರು. ಅವರ ಹಿಂದೆ, ಸಾಕ್ಷಿಗೆಂದು ಕರೆತಂದಿದ್ದ ಹಾಸ್ಟೆಲ್ಲಿನ ಗೆಳತಿ. ಹುಡುಗಿ ಅಪ್ಪನ ತೋಳಿನ ಕಡೆ ನೋಡಿದಳು.

"ಇವರು ನಮ್ಮಪ್ಪ. ಇಸ್ತ್ರಿ ಮಾಡ್ತಾರೆ. ಆ ಪ್ಯಾಂಟು ಪೋಸ್ಟ್‌ಮಾಸ್ಟರದ್ದು, ಇನ್ನೂ ಒಂದು ಕಾಲಿಗೆ ಮಾತ್ರ ಆಗಿದೆ. ಇವರು ಡ್ರೈವರಣ್ಣ, ಇವರಿಗೆ ಕಾಲರಿಗೆ ಗಂಜಿ ಹಾಕಿದ್ರೆ ಆಗಲ್ಲ, ಕತ್ತು ಕೆಂಪಾಗುತ್ತೆ. ಇವರು ಕಂಡಕ್ಟರ್ ಮಾಮ, ನನಗೆ ಮಗ್ಗಿ ಹೇಳಿಕೊಟ್ಟಿದ್ದು ಇವರೇ, ಟಿಕೆಟ್ ಹರೀತಾ. ಇವರು ನರ್ಸಮ್ಮ. ನಾನು ಹುಟ್ಟಿದಾಗ ಅಳ್ಲಿಲ್ಲ ಅಂತ ಬೆನ್ನಿಗೆ ಹೊಡೆದೋರು. ಇವತ್ತಿಗೂ ಹೇಳ್ತಿರ್ತಾರೆ."

"ಎರಡು ಏಟು" ಎಂದರು ನರ್ಸಮ್ಮ. "ಹುಬ್ಬಿನ ಮೇಲೆ ಗಾಯದ ಗುರುತು ನೋಡಿ ಸಾರ್, ನಾನೇ ಹೊಲಿಗೆ ಹಾಕಿದ್ದು. ಬಸ್ಸಿನ ಏಣಿಯಿಂದ ಬಿದ್ದಿದ್ದಳು."

"ಏಣಿ ಅಲ್ಲ, ಫುಟ್‌ಬೋರ್ಡು" ಎಂದರು ಕಂಡಕ್ಟರು.

"ಏಣಿ. ರಕ್ತ ಒರೆಸಿದ್ದು ನಾನು."

"ಎತ್ಕೊಂಡ್ ಬಂದಿದ್ದು ನಾನು ನರ್ಸಮ್ಮ. ಫುಟ್‌ಬೋರ್ಡಿಂದ ಬಿದ್ದಳು, ಕೈಯಲ್ಲಿ ಬಿಸ್ಕತ್ತಿತ್ತು."

"ಬಿಸ್ಕತ್ತು ಕೊಟ್ಟಿದ್ದು ನಾನು, ಹೊಲಿಗೆ ಆದ್ಮೇಲೆ. ನೀನು ಎತ್ಕೊಂಡು ಬರೋದಿರ್ಲಿ, ರಕ್ತ ನೋಡಿ ನೀನೇ ಬಿದ್ದಿದ್ದೆ. ನಿನಗೆ ನೀರು ಚಿಮುಕಿಸಿದ್ದು ಯಾರು?"

"ಬಿದ್ದಿಲ್ಲ, ಕೂತ್ಕೊಂಡೆ."

"ಬಸ್ಸೇ ನಿಂತಿರ್ಲಿಲ್ಲ ಆಗ" ಎಂದು ಬಾಗಿಲಿನ ಗುಂಪಿನಿಂದ ಒಬ್ಬರು ಸೇರಿಸಿದರು. ಕ್ಯಾಲೆಂಡರ್ ಓದುತ್ತಿದ್ದ ಡ್ರೈವರಿಗೆ ಅದನ್ನು ಕೇಳಿ ತಡೆಯಲಾಗಲಿಲ್ಲ. ತಾವು ಬ್ರೇಕ್ ಹಾಕಿದ್ದಾಗಿ ವಾದಕ್ಕೆ ಇಳಿದರು. ಪ್ರಿನ್ಸಿಪಾಲರು ಮೇಜಿನ ಗಂಟೆ ಒತ್ತಿದರು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಒತ್ತಿದರು. ಆಮೇಲೆ ಕೈ ಕಟ್ಟಿಕೊಂಡು ಕೂತರು. ಇಂಥ ಜಗಳವನ್ನು ಯಾರೂ ಬಾಯಿಪಾಠ ಮಾಡಿಸಿ ಕರೆತರಲಾರರು ಎಂಬುದು ಅವರಿಗೆ ಮನವರಿಕೆಯಾದಂತಿತ್ತು.

"ಸಾರ್, ಅದು ಯಾವಾಗಲೂ ಮುಗಿಯಲ್ಲ" ಎಂದಳು ಅವಳು. "ನಾನು ಹೋಗಿ ಬರೀಲಾ?"

"ಹೋಗು" ಎಂದರು. ಮೇಷ್ಟ್ರಿಗೆ, ಹಾಳಾದ ಸಮಯ ಸೇರಿಸಿ ಕೊಡಲು ಹೇಳಿದರು. ಮೇಷ್ಟ್ರು ನಿಯಮದ ಮಾತೆತ್ತಿದರು. "ನೀವು ಬೇಕಾದ್ರೆ ಇಲ್ಲಿ ಕೂತ್ಕೊಳ್ಳಿ, ನಾನು ಹಾಲ್ ನೋಡ್ಕೋತೀನಿ" ಎಂದರು ಪ್ರಿನ್ಸಿಪಾಲರು. ಮೇಷ್ಟ್ರು ಒಳಗಿನ ಗಲಾಟೆಯನ್ನೊಮ್ಮೆ ನೋಡಿ, ತಾವೇ ಹಾಲ್‌ಗೆ ಹೊರಟರು.

ಆ ಪರೀಕ್ಷೆಯಲ್ಲಿ ಅವಳು ಪಾಸಾದಳು. ಹೇಳಿಕೊಳ್ಳುವಂಥ ಅಂಕಗಳೇನಲ್ಲ.

ಬರೆದು ಹೊರಬಂದಾಗ ಡ್ರೈವರು ಬಸ್ಸಿನ ನೆರಳಿನಲ್ಲಿ ಒಬ್ಬರೇ ಕೂತಿದ್ದರು. ಅವಳು ಪಕ್ಕದಲ್ಲಿ ಹೋಗಿ ನಿಂತಳು. ತಪ್ಪಾಯಿತು ಎಂದು ಹೇಳಲು ಮಾತು ಹೊಂದಿಸಿಕೊಳ್ಳುತ್ತಿದ್ದಳು.

"ಮೊಟ್ಟೆ ವ್ಯಾನಲ್ಲಿ ಕುಲುಕಾಟ ಜಾಸ್ತಿ ಇರ್ಬೇಕು" ಎಂದರು ಡ್ರೈವರು ಅವಳ ಕಡೆ ನೋಡದೆ.

"ಜಾಸ್ತಿನೇ, ಡ್ರೈವರಣ್ಣ."

"ಮೊಟ್ಟೆ ಒಡೀತಾ?"

"ಒಂದು ಇಡೀ ಟ್ರೇ."

"ಹಂಗಾ" ಎಂದರು. ಸ್ವಲ್ಪ ಹೊತ್ತು ಅದನ್ನು ಮನಸ್ಸಿನಲ್ಲೇ ಚಪ್ಪರಿಸಿದರು. "ನಾನಾಗಿದ್ರೆ ಒಂದೂ ಒಡೀತಿರ್ಲಿಲ್ಲ." ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡಾಗ ಅವರ ಮುಖ ಮಾಮೂಲಿಗೆ ಬಂದಿತ್ತು.

ಆದರೆ ಅವಳಿಗಾಗಿ ಕಾದದ್ದರ ಬಿಸಿ ಇನ್ನೊಬ್ಬರಿಗೆ ತಟ್ಟಿತ್ತು. ನರ್ಸಮ್ಮನಿಗೆ ಹಲ್ಲಿನ ಡಾಕ್ಟರು ಕೊಟ್ಟಿದ್ದ ಹೊತ್ತು ಎಂದೋ ಮೀರಿತ್ತು. ಇನ್ನೊಂದು ದಿನ ಬಂದರಾಯಿತು ಎಂದು ಅವರು ಬೆಳಗಿನಿಂದ ಖಾಲಿಯಿದ್ದ ಹೊಟ್ಟೆಗೆ ಬನ್ನು ನೆನೆಸಿದ ಟೀ ಕುಡಿಯುತ್ತಿದ್ದರು. ಅವಳು ಅವರ ಕೈಚೀಲ ಎತ್ತಿಕೊಂಡಳು. "ಬನ್ನಿ, ನಾನು ಕೇಳ್ತೀನಿ" ಎಂದಳು.

ದವಾಖಾನೆ ಎರಡನೇ ಮಹಡಿಯಲ್ಲಿತ್ತು. ಬೆಂಚಿನ ತುಂಬ ಕೆನ್ನೆ ಹಿಡಿದುಕೊಂಡ ಜನ. ಕೌಂಟರಿನಲ್ಲಿದ್ದಾಕೆ ತಲೆ ಎತ್ತದೆ, ತಡವಾಗಿ ಬಂದವರನ್ನು ನೋಡುವುದಿಲ್ಲ ಎಂದಳು. ಇಸ್ತ್ರಿಯವರ ಮಗಳು ಕದಲಲಿಲ್ಲ.

"ನೀವು ಇವರಿಗೆ ಏನಾಗ್ಬೇಕು? ಮಗಳಾ? ಸೊಸೆನಾ?"

"ಎರಡೂ ಅಲ್ಲ. ಇವರು ನಮ್ಮೂರಿನ ಬಸ್ಸಲ್ಲಿ ಬಂದೋರು."

"ಅದೊಂದು ಸಂಬಂಧನಾ?"

ಅವಳು ಮೊದಲಿನಿಂದ ಹೇಳತೊಡಗಿದಳು. ಇಸ್ತ್ರಿ ಅಂಗಡಿ ಎಲ್ಲಿದೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಯಾರು ಯಾರಿಗೆ ಕಾಯುತ್ತಾರೆ, ಜಗಳವಾಡಿ ಹೊರಟವರಿಗೆ ಏಕೆ ಹೆಚ್ಚು ಹೊತ್ತು. ಕೌಂಟರಿನಾಕೆ ಬೇಗ ಮುಗಿಸಿ ಎಂದಳು. ಟೀಯ ವಿಷಯ ಬಂದಾಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಹೊಟ್ಟೆನೋವಿಗೆ ಬರುವಷ್ಟರಲ್ಲಿ ಬೆಂಚಿನವರೂ ಕೆನ್ನೆಯಿಂದ ಕೈ ತೆಗೆದಿದ್ದರು. ಒಳಗಿನಿಂದ ಡಾಕ್ಟರು, ಮುಂದಿನವರು ಯಾರು ಎಂದು ಕೂಗಿದರು.

ಕೌಂಟರಿನಾಕೆ ನರ್ಸಮ್ಮನನ್ನು ಒಳಗೆ ಹೋಗಲು ಕೈಸನ್ನೆ ಮಾಡಿ, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

"ಆಮೇಲೆ ನಿಮ್ಮಪ್ಪ ಏನಂದ್ರು?"